ಗೋಮುಖದ ನೀರು

ಮಲ್ಲಿಗೆಯ ವಾಸನೆ ಬಂದರೆ ಈಗಲೂ ನನ್ನ ನಾಲಿಗೆ ಉಪ್ಪಾಗುತ್ತದೆ.

ಆ ದಿನ ಬೋಟುಗಳೆಲ್ಲ ಬಂದರಿಗೆ ಮರಳಿದ್ದವು, ಅಪ್ಪ ಹೋಗಿದ್ದ ಬೋಟು ಮಾತ್ರ ಬಂದಿರಲಿಲ್ಲ. "ಗಾಳಿಗೆ ಮಲ್ಪೆ ಕಡೆ ಹೋಗಿರ್ಬಹುದು" ಎಂದು ಗಂಡಸರು ಅಮ್ಮನಿಗೆ ಸಮಾಧಾನ ಹೇಳುತ್ತಿದ್ದರು. ಅಜ್ಜಿ ಮಾತ್ರ ನನ್ನ ಕೈ ಹಿಡಿದು ಹಂಪನಕಟ್ಟೆಗೆ ಬಂದು ಕದ್ರಿಯ ಬಸ್ಸು ಹತ್ತಿದಳು.

ದೇವಸ್ಥಾನದ ಹಿಂದೆ, ಪಾಚಿ ಹಿಡಿದ ಕಲ್ಲಿನ ಗೋಮುಖದಿಂದ ನೀರು ಬೀಳುತ್ತಿತ್ತು. ಅದು ಕಾಶಿಯಿಂದ ನೆಲದಡಿಯಲ್ಲೇ ಹರಿದು ಬರುವ ಭಾಗೀರಥಿ ಎಂದು ಹಿರಿಯರು ಹೇಳುತ್ತಿದ್ದರು. ಅಜ್ಜಿಯ ನಂಬಿಕೆ ಅಲ್ಲಿಗೆ ನಿಲ್ಲುತ್ತಿರಲಿಲ್ಲ.

"ಕಡಲು ನಮ್ಮವರನ್ನು ಇಟ್ಟುಕೊಂಡ್ರೆ ಈ ನೀರು ನಮ್ಮ ಬಾಯಿಗೆ ಉಪ್ಪಾಗ್ತದೆ ಮಗಾ. ನಿನ್ನ ಅಜ್ಜ ಹೋದಾಗ ಆಗಿತ್ತು."

ಅವಳು ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿಕೊಂಡಳು. ತುಂಬ ಹೊತ್ತು ನುಂಗಲೇ ಇಲ್ಲ.

"ಎಂತ ಅಜ್ಜಿ, ಉಪ್ಪುಂಟಾ?"

"ಇಲ್ಲ ಮಾರಾಯ್ತಿ. ಸಿಹಿ ಉಂಟು."

ನಾನೂ ಬೊಗಸೆ ಒಡ್ಡಿದೆ. ಅವಳು ಥಟ್ಟನೆ ನನ್ನ ಕೈ ತಟ್ಟಿ ನೀರನ್ನೆಲ್ಲ ಚೆಲ್ಲಿಬಿಟ್ಟಳು. "ನಿನಗೆ ಬೇಡ. ಶೀತ ಆಗ್ತದೆ."

ಕದ್ರಿಗೆ ಬಂದಾಗಲೆಲ್ಲ ಅಮ್ಮನಿಗೆಂದು ಒಂದು ಚೆಂಡು ಮಲ್ಲಿಗೆ ಕೊಂಡೊಯ್ಯುವುದು ಅಜ್ಜಿಯ ರೂಢಿ. ಬಾಗಿಲ ಬಳಿಯ ಹೂವಿನವಳು ನಮ್ಮನ್ನು ಕಂಡದ್ದೇ ಬಾಳೆಲೆ ಸರಿಸಿ ಚೆಂಡು ಎತ್ತಿ ಹಿಡಿದಳು. "ಮಗಳಿಗೆ ಅಲ್ವಾ?"

"ಇವತ್ತು ಬೇಡ" ಎಂದಳು ಅಜ್ಜಿ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಇಳಿಯುವ ಹೊತ್ತಿಗೆ ನನ್ನ ಕಿವಿಯ ಬಳಿ ಬಾಗಿ ಹೇಳಿದಳು:

"ಅಮ್ಮ ಕೇಳಿದ್ರೆ, ಹೂ ಮುಗಿದಿತ್ತು ಅಂತ ಹೇಳು."