ಹಳೇ ವ್ಯಾಕ್ಸ್

"ಹಳೇ ವ್ಯಾಕ್ಸ್ ತೆಗೀಬೇಡ, ಮೇಲೇ ಪಾಲಿಶ್ ಹೊಡಿ," ಎಂದ ಮುಂದಿನ ವಾರದ ಮದುಮಗ.

"ತೆಗೀದೇ ಇದ್ರೆ ಹೊಸ್ದು ನಿಲ್ಲಲ್ಲ ಸಾರ್," ಎನ್ನುತ್ತ ಪಾಲಿಶ್‌ನವನು ಕಾರಿನ ಡಿಕ್ಕಿ ಉಜ್ಜತೊಡಗಿದ.

ಜೊತೆಗೆ ಬಂದಿದ್ದ ಹುಡುಗಿಯ ತಂದೆ ಕೇಳಿದರು, "ಸೆಕೆಂಡ್‌ಹ್ಯಾಂಡ್ ಗಾಡಿನಾ?"

"ಇಲ್ಲ ಅಂಕಲ್, ಶೋರೂಮಿಂದ ನಾನೇ ತಂದಿದ್ದು."

ವ್ಯಾಕ್ಸ್ ಬಿಟ್ಟಂತೆ, ಎಂದೋ ಕಿತ್ತುಹಾಕಿದ ಸ್ಟಿಕ್ಕರಿನ ಅಕ್ಷರಗಳು ಬಣ್ಣದಲ್ಲಿ ಅಚ್ಚೊತ್ತಿದ್ದು ಕಾಣಿಸಿತು: 'ಮಾವನ ಕೊಡುಗೆ'.

ಹುಡುಗಿಯ ತಂದೆ ಬಗ್ಗಿ ಓದಿದರು. "ನಾನಿನ್ನೂ ಮಾವ ಆಗಿಲ್ವಲ್ಲ. ಇದ್ಯಾವ ಮಾವ?"

"ಸೋದರಮಾವ. ಅಮ್ಮನ ತಮ್ಮ. ದುಡ್ಡು ಅವ್ರೇ ಕೊಟ್ಟಿದ್ದು." ಪಾಲಿಶ್‌ನವನ ಕೈ ಹಿಡಿದ ಮದುಮಗ. "ಸಾಕು ಬಿಡಪ್ಪ."

ಹುಡುಗಿಯ ತಂದೆಯ ಮುಖ ಸಡಿಲವಾಯಿತು. "ಉಜ್ಜಲಿ ಬಿಡಿ. ಮೇಲೆ ಇನ್ನೊಂದು ಸಾಲು ಇದ್ದಂಗಿದೆ."

ಪಾಲಿಶ್‌ನವನು ಬಟ್ಟೆ ಎಳೆದ. ಮೇಲಿನ ಸಾಲು ಎದ್ದಿತು: 'ಹೆಣ್ಣು ಕೊಟ್ಟ'.