ಮೊದಲ ಗುಂಡು ಹಿರಿಯರದು

ಐದನೆಯ ಬಂದೂಕೂ ಶಿವರಾಯನ ಬಲಭುಜಕ್ಕೆ ಕೂಡಲಿಲ್ಲ.

"ಬಂದೂಕಿಂದು ತಪ್ಪಲ್ರೀ ಗೌಡ್ರ," ಅಂದ ಶರಫುದ್ದೀನ. ಕಲಬುರಗಿಯ ಗಲ್ಲಿಯೊಂದರಲ್ಲಿ ಮೂವತ್ತು ವರ್ಷದಿಂದ ಬಂದೂಕು ಮಾರುತ್ತಿದ್ದ ಮುದುಕ. "ಅಂಗಿ ಹೊಲಿಸಿದಂಗ ಇದು. ಮೈಗಿ ಸರಿ ಆಗಬೇಕು. ಯಾಕ ಬೇಕಾಗ್ಯಾದ, ಹಂದಿಗೇನು?"

"ಹಂದಿಗಲ್ರೀ ಚಾಚಾ, ಆಟಕ್ಕ. ನಮ್ಮೂರ ಕುಂಬಾರ ದತ್ತಪ್ಪನ ಕಡಿಂದ ಮಣ್ಣಿನ ತಟ್ಟಿ ಮಾಡಿಸೇನಿ. ಒಬ್ಬ ಮ್ಯಾಲ ಒಗಿಯೂದು, ಒಬ್ಬ ಹೊಡಿಯೂದು."

"ಹಾರೋ ತಟ್ಟಿಗಿ ಗುರಿ ಹಿಡೀಲಾಕ ಪುರಸತ್ತ ಇರಂಗಿಲ್ಲ. ಎತ್ತಿದ ಕೂಡಲೇ ಕೂಡಬೇಕು. ಎಲ್ಲಿ, ಎರಡೂ ಕಣ್ಣ ತೆರದು ನನ್ನ ಮೂಗಿಗಿ ಬಟ್ಟ ತೋರಸ್ರಿ."

ಶಿವರಾಯ ಬೆರಳು ಚಾಚಿದ. ಮುದುಕ ಆ ಬೆರಳಿನ ಹಿಂದಿನ ಮುಖವನ್ನು ಒಂದು ಗಳಿಗೆ ನೋಡಿದ. ಬೆರಳು ಎಡಗಣ್ಣಿನ ನೇರಕ್ಕಿತ್ತು. ಸಾಲಿನ ಕೊನೆಯಲ್ಲಿದ್ದ ಜೋಡು ನಳಿಗೆಯ ಬಂದೂಕನ್ನು ಇಳಿಸಿ ತೋಳಿನಿಂದ ಧೂಳು ಒರೆಸಿದ. ಅದರ ಮರದ ಹಿಡಿ ತುಸು ಎಡಕ್ಕೆ ಬಾಗಿತ್ತು.

"ಇದು ಎಡಭುಜದ್ದು. ಆರು ವರ್ಷ ಆತು, ಯಾರೂ ಒಯ್ದಿಲ್ಲ."

ಶಿವರಾಯ ಅದನ್ನು ಮುಟ್ಟಲಿಲ್ಲ. ಬಾಗಿದ ಹಿಡಿಯನ್ನು ನೋಡಿದ. ಆಮೇಲೆ ನಕ್ಕ. "ನಮ್ಮ ಕಾಕಾಗ ಬಲಗಣ್ಣಿಲ್ರೀ. ಸಣ್ಣಾಂವಿದ್ದಾಗ ಸಿಡುಬು ತಿಂತು. ಅವಗ ಇದು ಛಲೋ ಕೂಡತದ. ಕಟ್ಟಿಕೊಡ್ರಿ."

"ಆಡಾಂವ ನೀವಲ್ಲೇನು?"

"ಮೊದಲ ಗುಂಡು ಹಿರಿಯರದಲ್ರೀ ಚಾಚಾ."

ಮುದುಕ ತಲೆಯಾಡಿಸಿದ. ಮನೆಗೆ ಬಂದ ಹೊಸ ವಸ್ತುವನ್ನು ಹಿರಿಯರು ಮುಟ್ಟಿದ ಮೇಲೆಯೇ ಬಳಸುವ ಹುಡುಗರು ಈಗೆಲ್ಲಿ ಸಿಗುತ್ತಾರೆ.

ಶಿವರಾಯನ ಮನೆಯಲ್ಲಿ ಹಿರಿಯನೆಂದು ಉಳಿದವನು ಕಾಕಾ ಮಲ್ಲಣ್ಣ ಒಬ್ಬನೇ. ಎಂಟು ತಿಂಗಳ ಹಿಂದೆ, ಒಂದು ಸಂಜೆ, ಶಿವರಾಯನ ತಂದೆ ನೆಲೋಗಿಯ ತಮ್ಮದೇ ತೊಗರಿ ಹೊಲದಲ್ಲಿ ಬೆನ್ನಿಗೆ ಗುಂಡು ಬಿದ್ದು ಸತ್ತಿದ್ದರು. ಮನೆಯ ಗೋಡೆಗೆ ತೂಗುತ್ತಿದ್ದ ಹಳೆಯ ಬಂದೂಕು ಅಂದೇ ಮಾಯವಾಗಿತ್ತು. ಕೊಂದವನು ಮನೆಯೊಳಗಿನವನೇ ಎಂದು ಊರು ಪಿಸುಗುಟ್ಟಿತು. ಅಣ್ಣತಮ್ಮಂದಿರ ನಡುವೆ ಹೊಲದ ಪಾಲಿಗಾಗಿ ಹನ್ನೆರಡು ವರ್ಷದ ಜಗಳ. ಆದರೆ ಒಕ್ಕಣ್ಣಿನ ಮಲ್ಲಣ್ಣ ಬಂದೂಕು ಹಿಡಿದದ್ದನ್ನು ಕಂಡವರು ಯಾರೂ ಇರಲಿಲ್ಲ.

ತನಿಖೆಗೆ ಬಂದ ಪೊಲೀಸ್ ಫೌಜದಾರನ ಬಳಿ ಇದ್ದದ್ದು ಒಂದೇ ಸುಳಿವು. ಬದುವಿನ ಹಿಂದೆ, ಎರೆಮಣ್ಣಿನಲ್ಲಿ ಹೂತ ಎರಡು ಹೆಜ್ಜೆ. ಮಳೆಗೆ ಅವುಗಳ ಅಳತೆ ಅಳಿಸಿತ್ತು. ನಿಂತ ರೀತಿ ಮಾತ್ರ ಉಳಿದಿತ್ತು: ಬಲಗಾಲು ಮುಂದೆ, ಎಡಗಾಲು ಹಿಂದೆ. ಬಲಭುಜದಿಂದ ಹೊಡೆಯುವವನು ಹಾಗೆ ನಿಲ್ಲುವುದಿಲ್ಲ. ಇದನ್ನು ಫೌಜದಾರ ಶಿವರಾಯನೊಬ್ಬನಿಗೇ ಹೇಳಿದ್ದ.

ಆದ್ದರಿಂದಲೇ ಶಿವರಾಯ ತಟ್ಟೆ ಹೊಡೆಯುವ ಆಟಕ್ಕೆ ಫೌಜದಾರನನ್ನೂ ಕರೆದ.

ಆ ವರ್ಷದ ರೋಹಿಣಿ ಮಳೆ ಹಿಂದಿನ ದಿನವಷ್ಟೇ ಬಿದ್ದಿತ್ತು. ಹೊಲದಲ್ಲಿ ಕಾಲಿಟ್ಟರೆ ಹೆಜ್ಜೆ ಅಚ್ಚೊತ್ತುತ್ತಿತ್ತು. ದತ್ತಪ್ಪ ಬುಟ್ಟಿಯ ತುಂಬ ತಟ್ಟೆ ಹೊತ್ತು ತಂದಿದ್ದ. ಅರ್ಧ ಊರು ನೆರೆದಿತ್ತು.

"ನನಗ್ಯಾಕೋ ಶಿವೂ," ಮಲ್ಲಣ್ಣ ಹಿಂಜರಿದ. "ಒಂದ ಕಣ್ಣಿನಾಂವ ನಾ."

"ಛಲೋನೇ ಆತಲ್ಲ ಕಾಕಾ. ಇನ್ನೊಂದು ಮುಚ್ಚೋ ತ್ರಾಸಿಲ್ಲ."

ಜನ ನಕ್ಕರು. ಮಲ್ಲಣ್ಣನೂ ನಕ್ಕ.

"ನೀವೇ ಹೊಡೀರಿ ಮಲ್ಲಣ್ಣೋರ," ಅಂದ ದತ್ತಪ್ಪ. "ನಿಮ್ಮ ಶಿವರಾಯ ಹೊಡದ್ರ ನನ್ನ ತಟ್ಟಿ ಒಂದೂ ಒಡಿಯಂಗಿಲ್ಲ. ನಾಳಿ ಸಂತ್ಯಾಗ ಒಯ್ದು ಮಾರಬಹುದು."

"ಎಂದೂ ಹಿಡದಿಲ್ಲಪಾ ನಾ ಇದನ್ನ."

"ಹೆಂಗ ಕೂಡತದ ಹಂಗ ಹಿಡಿ ಕಾಕಾ," ಅಂದ ಶಿವರಾಯ. ಧ್ವನಿ ಮೆತ್ತಗಿತ್ತು.

ಮಲ್ಲಣ್ಣ ಬಂದೂಕನ್ನು ಎಡಭುಜಕ್ಕೆ ಆನಿಸಿದ. ಮರದ ಹಿಡಿ ಅವನ ಕೆನ್ನೆಗೆ ಹೇಳಿ ಮಾಡಿಸಿದಂತೆ ಕೂಡಿತು. ಚಿಕ್ಕಂದಿನಲ್ಲಿ ಕವಣೆ ಬೀಸಿ ಜೋಳದ ಹೊಲ ಕಾಯ್ದ ಕಣ್ಣು ಅದು, ಒಂದೇ ಆದರೂ. ದತ್ತಪ್ಪ ತಟ್ಟೆ ಎಸೆದ. ಮೊದಲ ಗುಂಡಿಗೇ ಅದು ಚೂರಾಯಿತು.

"ಇನ್ನೊಂದು ಒಗಿ ಲೇ ದತ್ತ್ಯಾ," ಅಂದ ಮಲ್ಲಣ್ಣ. ಐವತ್ತು ದಾಟಿದವನ ಮುಖ ಹುಡುಗನಂತೆ ಅರಳಿತ್ತು.

ಎರಡನೆಯದೂ ಚೂರಾಯಿತು. ಜನರೆಲ್ಲ ಆಕಾಶ ನೋಡುತ್ತಿದ್ದರು. ಫೌಜದಾರ ನೆಲ ನೋಡುತ್ತಿದ್ದ.

ಬಲಗಾಲು ಮುಂದೆ, ಎಡಗಾಲು ಹಿಂದೆ.

"ಎಂದೂ ಹಿಡದಿಲ್ಲ ಅಂದ್ರಲ್ಲ," ಅಂದ ಫೌಜದಾರ, ಮಲ್ಲಣ್ಣನ ಮಣಿಕಟ್ಟು ಹಿಡಿದು.

ವಿಷಯ ತಿಳಿಯಲು ಮಲ್ಲಣ್ಣನಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಕೈ ಬಿಡಿಸಿಕೊಳ್ಳಲು ನೋಡಿದ. "ನಾ ಯಾಕ ಕೊಲ್ಲಲಿ ಸಾಹೇಬ್ರ? ಜಗಳ ಮುಗದಿತ್ರಿ. 'ಅರ್ಧ ಹೊಲ ಕೊಡತೀನಿ, ನಾಳಿ ಜೇವರ್ಗಿ ಕಚೇರಿಗಿ ಹೋಗಿ ನಿನ್ನ ಹೆಸರಿಗಿ ಬರಸ್ತೀನಿ' ಅಂದಿದ್ದ ಅಣ್ಣ. ಅಂದ ದಿನಾನೇ ಹೋಗಿಬಿಟ್ಟ. ಶಿವೂ, ನಿನ್ನ ಮುಂದನ ಅಂದಿದ್ನಲ್ಲೋ. ಹೇಳು ಇವರಿಗಿ."

ಶಿವರಾಯ ಬಂದೂಕಿನ ನಳಿಗೆ ಒರೆಸುತ್ತಿದ್ದ.

"ನನ್ನ ಮುಂದ ಅಂದಿಲ್ಲ ಕಾಕಾ."

ಜೀಪು ಹೊರಟಿತು. ಮಲ್ಲಣ್ಣನ ಹೆಂಡತಿ ಸುಂದರಬಾಯಿ ಅದರ ಹಿಂದೆ ಕೆಸರಿನಲ್ಲಿ ಓಡಿ, ಮುಗ್ಗರಿಸಿ ಬಿದ್ದಳು. ಶಿವರಾಯನೇ ಹೋಗಿ ಎತ್ತಿದ. ಸೆರಗಿನ ಮಣ್ಣು ಕೊಡವಿದ.

"ಅಳಬ್ಯಾಡ ಕಾಕಿ. ನಾ ಇದ್ದೇನಲ್ಲ. ಹೊಲ ಎಲ್ಲಾ ನಾ ನೋಡ್ಕೋತೇನಿ."

ಅಪ್ಪನ ಋಣ ತೀರಿಸಿದ ಮಗ ಎಂದುಕೊಳ್ಳುತ್ತ ಜನ ಮನೆಗೆ ನಡೆದರು. ಬುಟ್ಟಿ ಹೊತ್ತು ದತ್ತಪ್ಪನೂ ಹೋದ. ಬದುವಿನ ಮೇಲೆ ಅವನು ಮರೆತ ತಟ್ಟೆಯೊಂದು ಉಳಿದಿತ್ತು. ಶಿವರಾಯ ಸುತ್ತ ಒಮ್ಮೆ ನೋಡಿದ. ಯಾರೂ ಇರಲಿಲ್ಲ.

ಬಂದೂಕಿಗೆ ಮತ್ತೆ ಗುಂಡು ತುಂಬಿದ, ಬಲಗೈಯಿಂದ ತಟ್ಟೆಯನ್ನು ಮೇಲಕ್ಕೆಸೆದ, ಬಲಗಾಲು ಮುಂದಿಟ್ಟ, ಬಂದೂಕನ್ನು ಎಡಭುಜಕ್ಕೇರಿಸಿ ತಟ್ಟೆ ನೆಲ ಮುಟ್ಟುವ ಮೊದಲೇ ಪುಡಿ ಮಾಡಿದ.