ಜೋಳದ ಚೀಲದ ಸೀತಾಫಲ

ಹಣ್ಣಾದ ಸೀತಾಫಲದ ವಾಸನೆ ಬಂದರೆ ಈಗಲೂ ನಾನು ಅರಿವಿಲ್ಲದೆ ಉಸಿರು ಬಿಗಿಹಿಡಿಯುತ್ತೇನೆ.

ಆಗ ನನಗೆ ಏಳು ವರ್ಷ. ಚಿಂಚೋಳಿ ಕಡೆಯ ಊರು. ಮೂರು ದಿನದಿಂದ ನೆಗಡಿ ಹಿಡಿದಿತ್ತು. ಬಿಸಿ ಜೋಳದ ಗಂಜಿ, ಮೆಣಸು ಬೆಳ್ಳುಳ್ಳಿ ಜಜ್ಜಿ ಹಾಕಿದ ಸಾರು ಬಿಟ್ಟರೆ ಅಜ್ಜಿ ನನಗೆ ಬೇರೇನೂ ಕೊಡುತ್ತಿರಲಿಲ್ಲ.

"ಸೀತಾಫಲ ಮುಟ್ಟಬ್ಯಾಡ ನೋಡು. ಭಾಳ ಥಂಡಿ ಅದು. ನೆಗಡಿ ಎದಿಗಿ ಇಳದ್ರ ಉಸಿರೇ ನಿಂದರ್ತದ. ನಿಮ್ಮಪ್ಪನ ತಮ್ಮ ನಿನ್ನಷ್ಟಿದ್ದಾಗ ಹಂಗೇ ಹೋಗಿಬಿಟ್ಟ," ಎಂದಿದ್ದಳು.

ಆದರೆ ಹಣ್ಣಾಗಲೆಂದು ಜೋಳದ ಚೀಲದಲ್ಲಿ ಹೂತಿಟ್ಟಿದ್ದ ಸೀತಾಫಲಗಳು ಅವತ್ತೇ ಮೆತ್ತಗಾಗಿದ್ದವು. ಮಧ್ಯಾಹ್ನ ಅಜ್ಜಿ ಒಲೆಯ ಮುಂದಿದ್ದಾಗ ಒಂದನ್ನು ತಿಂದು, ಬೀಜಗಳನ್ನು ಅದೇ ಜೋಳದೊಳಗೆ ಹುದುಗಿಸಿದೆ. ಕೈ ತೊಳೆಯುವಷ್ಟರಲ್ಲಿ ಎದೆಯೊಳಗೆ ಗೊರಗೊರ ಸದ್ದು ಕೇಳಿಸಿತು. ನಾನೂ ಸಾಯುತ್ತೇನೆ ಅನ್ನಿಸಿ ಕೌದಿ ಹೊದ್ದು ಮಲಗಿದೆ.

ಅಜ್ಜಿ ಸಾರಿನ ಬಟ್ಟಲು ಹಿಡಿದು ಬಂದಳು. ದಿನವೂ ಮಾಡುವಂತೆ ನನ್ನ ಬೆನ್ನಿಗೆ ಕಿವಿ ಹಚ್ಚಿದಳು. ಸದ್ದು ಕೇಳಿದರೆ ಕದ್ದು ತಿಂದದ್ದು ಗೊತ್ತಾಗುತ್ತದೆಂದು ನಾನು ಉಸಿರು ಬಿಗಿಹಿಡಿದೆ.

ಬಟ್ಟಲು ನೆಲಕ್ಕೆ ಬಿತ್ತು.

"ಉಸಿರಾಡು! ಯವ್ವಾ, ಉಸಿರಾಡು!"

ನನ್ನನ್ನು ತನ್ನತ್ತ ತಿರುಗಿಸಿ, ಭುಜ ಹಿಡಿದು ಅಲುಗಿಸಿದಳು. ತಡೆಯಲಾರದೆ ಉಸಿರು ಬಿಟ್ಟೆ. ಸೀತಾಫಲದ ಸಿಹಿ ವಾಸನೆ ನೇರ ಅವಳ ಮುಖಕ್ಕೆ ಹೊಡೆಯಿತು. ಇನ್ನು ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ.

"ಇನ್ನೊಮ್ಮಿ ಉಸಿರು ಬಿಡು," ಎಂದಳು ಅಜ್ಜಿ. "ಇನ್ನೊಮ್ಮಿ."